ಹಳೆ ಗಾಡಿಗೆ ಹೊಸ ಮ್ಯೂಸಿಕ್ ಸಿಸ್ಟಂ: ಸ್ಕ್ರೀನ್ ಮೊದಲೋ, ಬಾಗಿಲು ಮೊದಲೋ?

ಹೋದ ತಿಂಗಳು ಮೂರು ಜನ ನನ್ನ ಹತ್ತಿರ ಒಂದೇ ಮಾತು ಕೇಳಿದರು. ಕಲಬುರಗಿಯಿಂದ ದಿನಾ ಸೇಡಂಗೆ ಹೋಗಿಬರುವ ಮೇಷ್ಟ್ರೊಬ್ಬರು, ಆಳಂದದ ನಮ್ಮ ಕಾಕಾ, ಆಮೇಲೆ ಅಪ್ಪನ ಹಳೆ ಗಾಡಿ ಈಗಷ್ಟೇ ಕೈಗೆ ಬಂದಿರುವ ನಮ್ಮ ಓಣಿಯ ಹುಡುಗ. ಮೂವರ ಗಾಡಿಗೂ ಹತ್ತು ವರ್ಷ ದಾಟಿದೆ. ಮೂವರಿಗೂ ಟೇಪು ಬದಲಿಸಬೇಕು. ಕ್ಯಾಸೆಟ್ ಹೋಗಿ ಯಾವ ಕಾಲವಾಯಿತು, ಆದರೂ ನಮ್ಮ ಕಡೆ ಗಾಡಿಯ ಮ್ಯೂಸಿಕ್ ಪ್ಲೇಯರ್ ಅಂದರೆ ಟೇಪೇ. ಅಂಗಡಿ ಸುತ್ತಿ ಬಂದಿದ್ದರು. ಒಂದು ಕಡೆ ‘ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಿ’ ಅಂದರಂತೆ. ಇನ್ನೊಂದು ಕಡೆ ‘ಬೂಫರ್ ಇಲ್ಲದಿದ್ದರೆ ಮಜಾ ಇಲ್ಲ’ (ದಪ್ಪ ಸದ್ದಿಗೆ ಅಂತಲೇ ಇರುವ ಸ್ಪೀಕರ್ ಅದು). ಮತ್ತೊಂದು ಕಡೆ ‘ಸ್ಪೀಕರ್ ಬದಲಿಸಿದರೆ ಸಾಕು’. ತಲೆ ಕೆಟ್ಟು ನನ್ನ ಹತ್ತಿರ ಬಂದರು.

ನಾನೇನು ಇದರಲ್ಲಿ ಪಂಡಿತ ಅಲ್ಲ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 2009ರ ಸ್ವಿಫ್ಟ್‌ಗೆ ಎರಡು ಸಲ ದುಡ್ಡು ಸುರಿದವನು. ಮೊದಲ ಸಲದ್ದು ಪೂರ್ತಿ ದಂಡ. ಎರಡನೇ ಸಲ ಅದರ ಅರ್ಧ ದುಡ್ಡಿನಲ್ಲಿ ಕೆಲಸ ಆಯಿತು. ಆ ದಂಡದ ಲೆಕ್ಕವೇ ಇಲ್ಲಿ ಜಾಸ್ತಿ ಇದೆ.

ಅಂಗಡಿ ಮೆಟ್ಟಿಲು ಹತ್ತುವ ಮುಂಚೆ

ಮೊದಲನೆಯದು, ಗಾಡಿ ಇನ್ನೆಷ್ಟು ವರ್ಷ ನಿಮ್ಮ ಹತ್ತಿರ ಇರುತ್ತದೆ? ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ನಿಮ್ಮದು ಆ ಗಡಿಯ ಹತ್ತಿರ ಇದ್ದು, ಮಾರುವ ಯೋಚನೆ ಇದ್ದರೆ ಕೈ ಬಿಗಿ ಹಿಡಿಯಿರಿ. ಮೂವತ್ತು ಸಾವಿರದ ಸಿಸ್ಟಂ ಇದೆ ಅಂತ ಯಾರೂ ಮೂರು ಸಾವಿರ ಜಾಸ್ತಿ ಕೊಡುವುದಿಲ್ಲ. ಇನ್ನೊಂದು ವಿಷಯ: ಆಂಪ್ಲಿಫೈಯರ್ (ಸ್ಪೀಕರಿಗೆ ಬಲ ಕೊಡುವ ಡಬ್ಬಿ), ಬೂಫರ್ ಬಿಚ್ಚಿ ಮುಂದಿನ ಗಾಡಿಗೆ ಕೂಡಿಸಬಹುದು. ಅಳತೆ ಒಂದೇ ಆದರೆ ಸ್ಪೀಕರ್ ಕೂಡ ಬರುತ್ತವೆ. ತಗಡು ನಡುಗದಂತೆ ಬಾಗಿಲಿಗೆ ಅಂಟಿಸಿದ ಶೀಟು, ಕೂಲಿ, ಡ್ಯಾಶ್‌ಬೋರ್ಡಿನ ಫ್ರೇಮ್ ಇವೆಲ್ಲ ಗಾಡಿಯ ಜೊತೆಗೇ ಹೋದವು ಅಂತ ಲೆಕ್ಕ.

ಎರಡನೆಯದು, ಏನು ಕೇಳುತ್ತೀರಿ? ವಚನ, ತತ್ವಪದ, ಭಜನೆ, ಕವ್ವಾಲಿ, ವಾರ್ತೆ, ಫೋನಿನ ಮಾತು ಇವೆಲ್ಲ ಮನುಷ್ಯರ ದನಿ. ಅದಕ್ಕೆ ಮುಂದಿನ ಎರಡು ಸ್ಪೀಕರ್ ಸರಿಯಾಗಿದ್ದರೆ ಆಯಿತು. ಡಿಜೆ ಜಾನಪದ, ಹೊಸ ಸಿನಿಮಾ ಹಾಡು ಕೇಳುವವರಿಗೆ ಮಾತ್ರ ಬೇಸಿನ, ಅಂದರೆ ದಪ್ಪ ಸದ್ದಿನ, ಪ್ರಶ್ನೆ ಬರುತ್ತದೆ.

ಮೂರನೆಯದು ನಮ್ಮ ಕಲಬುರಗಿ ಬಿಸಿಲು. ಇದನ್ನು ಬೆಂಗಳೂರಿನವರು ಹೇಳಿಕೊಡುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ಹೊಸದಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಮಧ್ಯಾಹ್ನ ಎರಡು ತಾಸು ಗಾಡಿ ನಿಲ್ಲಿಸಿ ಬಂದರೆ ಒಳಗೆ 60 ಡಿಗ್ರಿ ದಾಟುತ್ತದೆ. ಡ್ಯಾಶ್‌ಬೋರ್ಡ್ ಮುಟ್ಟಿದರೆ ರೊಟ್ಟಿ ಹಂಚು. ಅಲ್ಲಿ ಕೂಡಿಸುವ ಯಾವುದೇ ಸಾಮಾನು ಆ ಕಾವು ತಡೆಯಬೇಕು.

ನಾಲ್ಕನೆಯದು, ಒಳಗಿನ ವೈರಿಂಗ್ ಹೇಗಿದೆ? ಹಳೆ ಗಾಡಿಯಲ್ಲಿ ಇದೇ ದೊಡ್ಡ ಪ್ರಶ್ನೆ. ನನ್ನ ಗಾಡಿ ಮೂರು ದಿನ ನಿಂತರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿ ಬದಲಿಸಿದೆ. ಮತ್ತೆ ಅದೇ ಕತೆ. ಕೊನೆಗೆ ಟೇಪು ಹೊರಗೆಳೆದು ನೋಡಿದರೆ, ಹಿಂದೆ ಯಾರೋ ವೈರ್ ಜೋಡಿಸುವ ಕಂಪನಿಯ ಕಪ್ಲರ್ ಕತ್ತರಿಸಿ, ವೈರ್‌ಗಳನ್ನು ಕೈಯಿಂದ ತಿರುವಿ, ಮೇಲೆ ಸಾದಾ ಸೆಲ್ಲೋಟೇಪ್ ಸುತ್ತಿದ್ದರು. ಬಿಸಿಲಿಗೆ ಅಂಟೆಲ್ಲ ಕರಗಿ ಬೆಲ್ಲದ ಪಾಕದ ಹಾಗೆ ಬೆರಳಿಗೆ ಎಳೆ ಎಳೆಯಾಗಿ ಬಂತು. ಎರಡು ಕಡೆ ತಾಮ್ರ ಬರೀ ಮೈಯಲ್ಲಿ ನಿಂತಿತ್ತು. ಟೇಪಿಗೆ ಬರುವ ಹಳದಿ ವೈರ್ ಬ್ಯಾಟರಿಯಿಂದ ಸದಾ ಕರೆಂಟ್ ಕೊಡುತ್ತದೆ, ಗಡಿಯಾರ ಮತ್ತು ಸ್ಟೇಷನ್ ನೆನಪಿಟ್ಟುಕೊಳ್ಳುವುದಕ್ಕೆ. ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ನನ್ನ ಗಾಡಿಯಲ್ಲಿ ಎರಡನ್ನೂ ಒಂದಕ್ಕೇ ಗಂಟು ಹಾಕಿದ್ದರು. ರಾತ್ರಿಯೆಲ್ಲ ಟೇಪು ಎದ್ದೇ ಇರುತ್ತಿತ್ತು. ಹಾಗಾಗಿ ಏನೇ ಕೊಳ್ಳಿ, ಮೊದಲು ಹಳೆಯದನ್ನು ಬಿಚ್ಚಿಸಿ ವೈರ್ ಕಣ್ಣಾರೆ ನೋಡಿ.

ಐದನೆಯದು, ಡಿಕ್ಕಿ ಬೇಕೋ ಬೇಡವೋ. ಹೊಲ ಇರುವವರಿಗೆ ತೊಗರಿ ಚೀಲ, ಸಂಸಾರಸ್ಥರಿಗೆ ಗಾಣಗಾಪುರದ ಬುತ್ತಿ, ಹಾಸಿಗೆ. ಡಿಕ್ಕಿ ತುಂಬ ಬೂಫರ್ ಪೆಟ್ಟಿಗೆ ಕೂಡಿಸಿ ಆಮೇಲೆ ಮನೆಯವರ ಮುಂದೆ ಬಾಯಿ ಮುಚ್ಚಿಕೊಂಡವರನ್ನು ನೋಡಿದ್ದೇನೆ.

ಇನ್ನು ಆಯ್ಕೆಗಳು. ಕೆಳಗಿನ ದರಗಳೆಲ್ಲ ಅಂದಾಜು. ಅಂಗಡಿಗೂ ಆನ್‌ಲೈನಿಗೂ, ತಿಂಗಳಿಂದ ತಿಂಗಳಿಗೂ ಮೇಲೆ ಕೆಳಗೆ ಆಗುತ್ತವೆ.

ಏನೂ ಕೊಳ್ಳದೆ, ಅಥವಾ ಸಾವಿರದ ಒಳಗೆ

ಸುಮ್ನೆ ಒಂದು ಸಂಜೆ ಇದಕ್ಕೆ ಕೊಡಿ. ಟೇಪಿನ ಸೆಟ್ಟಿಂಗಿನಲ್ಲಿ ಹೈಪಾಸ್ ಅಥವಾ ಎಚ್‌ಪಿಎಫ್ ಅಂತ ಇದ್ದರೆ 80 ಅಥವಾ 100ಕ್ಕೆ ಇಡಿ. ಸಣ್ಣ ಸ್ಪೀಕರ್‌ಗಳಿಗೆ ತಡೆಯಲಾರದ ದಪ್ಪ ಸದ್ದು ಹೋಗುವುದು ಆಗ ನಿಲ್ಲುತ್ತದೆ. ‘ಬರ್ರ್’ ಅನ್ನುವ ಒಡಕು ಅರ್ಧ ಕಡಿಮೆಯಾಗುತ್ತದೆ. ಲೌಡ್‌ನೆಸ್ ಆಫ್ ಮಾಡಿ. ಸದ್ದನ್ನು ಹಿಂದಿನಿಂದ ಮುಂದಕ್ಕೆ ತನ್ನಿ. ಪೆನ್‌ಡ್ರೈವ್‌ನಲ್ಲಿ ಯಾರೋ ತುಂಬಿಕೊಟ್ಟ ಸಾವಿರ ಹಾಡು ಕಡಿಮೆ ಗುಣಮಟ್ಟದವಾಗಿದ್ದರೆ ಲಕ್ಷದ ಸಿಸ್ಟಂ ಹಾಕಿದರೂ ಕುಯ್ಯೋ ಅನ್ನುತ್ತವೆ. 320 ಕೆಬಿಪಿಎಸ್‌ನ, ಅಂದರೆ ಒಳ್ಳೆ ಗುಣಮಟ್ಟದ, ಹಾಡು ಹಾಕಿ ಒಂದು ಸಲ ಕೇಳಿ.

ಬ್ಲೂಟೂತ್ ಇಲ್ಲದ ಹಳೆ ಟೇಪಿಗೆ, ಲೈಟರ್ ಸಾಕೆಟ್‌ಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರ್ ಐನೂರರಿಂದ ಸಾವಿರಕ್ಕೆ ಸಿಗುತ್ತದೆ. ಊರೊಳಗೆ ಗರಗರ ಅನ್ನುತ್ತದೆ, ಒಂದೊಂದು ಸಲ ಬೇರೆ ಸ್ಟೇಷನ್ ಮೈಮೇಲೆ ಬರುತ್ತದೆ. ಟೇಪಿನಲ್ಲಿ ಫೋನಿನ ಕೇಬಲ್ ಚುಚ್ಚುವ ಆಕ್ಸ್ ತೂತು ಇದ್ದರೆ ನೂರಿನ್ನೂರರ ಒಂದು ಕೇಬಲ್ ಇದಕ್ಕಿಂತ ಎಷ್ಟೋ ವಾಸಿ. ಮಾರುವ ಗಾಡಿಗೆ ಇಷ್ಟೇ ಸಾಕು.

ಬರೀ ಟೇಪು ಬದಲಿಸುವುದು

ಸಿಂಗಲ್ ಡಿನ್ ಅಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ತೂತು. ಡಬಲ್ ಡಿನ್ ಅದರ ಎರಡು ಪಟ್ಟು ಎತ್ತರ. ಹಳೆ ಗಾಡಿಗಳಲ್ಲಿ ಹೆಚ್ಚಾಗಿ ಸಿಂಗಲ್, ಕೆಳಗೊಂದು ಚಿಲ್ಲರೆ ಇಡುವ ಗೂಡು. ಸೋನಿ, ಪಯೋನಿಯರ್, ಜೆಬಿಎಲ್ ತರಹದವರ ಸಾದಾ ಬ್ಲೂಟೂತ್ ಟೇಪು ನಾಲ್ಕೈದು ಸಾವಿರದಿಂದ ಶುರು. ಹೆಸರಿಲ್ಲದ್ದು ಒಂದೂವರೆ ಸಾವಿರಕ್ಕೂ ಇದೆ.

ಡಬ್ಬದ ಮೇಲೆ ‘50 ವ್ಯಾಟ್ ಗುಣಿಸು 4’ ಅಂತ ಬರೆದಿರುತ್ತದೆ. ಇದನ್ನು ನಂಬಬೇಕೋ ಬೇಡವೋ ನೀವೇ ಲೆಕ್ಕ ಹಾಕಬಹುದು. ಟೇಪಿನ ಹಿಂದೆ ಫ್ಯೂಸ್ ಇರುತ್ತದೆ, ಹೆಚ್ಚಾಗಿ 10 ಆಂಪಿಯರ್. ಇಂಜಿನ್ ಓಡುವಾಗ ಸುಮಾರು 14 ವೋಲ್ಟ್. ಗುಣಿಸಿದರೆ 140 ವ್ಯಾಟ್. ಇದು ಟೇಪು ಎಳೆಯಬಹುದಾದ ಒಟ್ಟು ಕರೆಂಟು. ಅದರಲ್ಲಿ ಹೆಚ್ಚೂಕಡಿಮೆ ಅರ್ಧ ಕಾವಾಗಿ ಹೋಗುತ್ತದೆ. ಉಳಿದದ್ದನ್ನು ನಾಲ್ಕು ಸ್ಪೀಕರ್‌ಗೆ ಹಂಚಿದರೆ ಒಂದಕ್ಕೆ 17, 18 ವ್ಯಾಟ್. ಇದೇ ನಿಜವಾದ, ಸತತ ಕೊಡುವ ವ್ಯಾಟ್. ಇದನ್ನು ಆರ್‌ಎಂಎಸ್ ಅನ್ನುತ್ತಾರೆ. ಅಂಗಡಿಯಲ್ಲಿ ‘ಸಾವಿರ ವ್ಯಾಟ್’ ಅಂದಾಗ ‘ಆರ್‌ಎಂಎಸ್ ಎಷ್ಟು?’ ಅಂತ ಒಂದು ಮಾತು ಕೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಬರೀ ಟೇಪು ಬದಲಿಸಿದರೆ ಅನುಕೂಲ ಜಾಸ್ತಿ ಆಗುತ್ತದೆ. ಫೋನ್ ಸೇರಿಕೊಳ್ಳುತ್ತದೆ, ಕರೆ ಬರುತ್ತದೆ, ಪೆನ್‌ಡ್ರೈವ್ ಓದುತ್ತದೆ (FAT32ನಲ್ಲಿ ಫಾರ್ಮ್ಯಾಟ್ ಮಾಡಿದ್ದನ್ನೇ ಹೆಚ್ಚಿನವು ಓದುವುದು, ನೆನಪಿರಲಿ). ದನಿ ಮಾತ್ರ ಅಷ್ಟಕ್ಕಷ್ಟೇ. ಒಡೆದ ಸ್ಪೀಕರ್‌ಗೆ ಹೊಸ ಟೇಪು ಕೊಟ್ಟರೆ ಒಡಕು ಇನ್ನೂ ಚೆನ್ನಾಗಿ ಕೇಳುತ್ತದೆ, ಅಷ್ಟೇ.

ಆಂಡ್ರಾಯ್ಡ್ ಸ್ಕ್ರೀನ್: ನಾನು ದಂಡ ಕಟ್ಟಿದ ಜಾಗ

ಒಂಬತ್ತು ಇಂಚಿನ ಪರದೆ, ಯೂಟ್ಯೂಬ್, ಮ್ಯಾಪು, ಹಿಂದಿನ ಕ್ಯಾಮೆರಾ, ಎಲ್ಲ ಸೇರಿ ಏಳೆಂಟು ಸಾವಿರ. ಯಾರಿಗೆ ಆಸೆ ಆಗುವುದಿಲ್ಲ ಹೇಳಿ. ನಾನೂ ಹಾಕಿಸಿದೆ. ಚಳಿಗಾಲವೆಲ್ಲ ಚೆಂದ ಇತ್ತು. ಏಪ್ರಿಲ್ ಬಂತು ನೋಡಿ, ಬಿಸಿಲಲ್ಲಿ ನಿಲ್ಲಿಸಿದ ಗಾಡಿ ತೆಗೆದರೆ ಪರದೆ ಮುಟ್ಟಿದ್ದು ಒಂದು ಕಡೆ, ತೆರೆದುಕೊಂಡಿದ್ದು ಇನ್ನೊಂದು ಕಡೆ. ಎಸಿ ಹಾಕಿ ಹತ್ತು ನಿಮಿಷ ಆದ ಮೇಲೆ ದಾರಿಗೆ ಬರುತ್ತಿತ್ತು. ಜೂನ್ ಹೊತ್ತಿಗೆ ತಾನೇ ಆಫ್ ಆಗಿ ತಾನೇ ಆನ್ ಆಗತೊಡಗಿತು. ಮಾರಿದವರು ‘ಸಾಫ್ಟ್‌ವೇರ್ ಹಾಕಿಕೊಡ್ತೀವಿ’ ಅಂತ ಎರಡು ಸಲ ಇಟ್ಟುಕೊಂಡರು. ಮೂರನೇ ಸಲ ನಾನೇ ಹೋಗಲಿಲ್ಲ.

ಎಲ್ಲವೂ ಹೀಗೆ ಅಂತಲ್ಲ. ಆದರೆ ಅಗ್ಗದ ಸ್ಕ್ರೀನ್ ಅಂದರೆ ಒಂದು ಅಗ್ಗದ ಫೋನನ್ನು ಬಿಸಿಲಲ್ಲಿ ಮೊಳೆ ಹೊಡೆದು ಇಟ್ಟ ಹಾಗೆ. ರ್‍ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಅಂತ ಸ್ಟಿಕರ್ ಹೇಳಿದ್ದು ಒಳಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಮೂರು ವರ್ಷದಲ್ಲಿ ಆಪ್‌ಗಳು ಭಾರವಾಗುತ್ತವೆ, ಅದು ಅಲ್ಲೇ ಇರುತ್ತದೆ. ರೇಡಿಯೊ ಹಿಡಿಯುವುದರಲ್ಲಿ ಹಳೆ ಟೇಪಿಗಿಂತ ಹಿಂದೆ. ಬೆಳಗಿನ ಆಕಾಶವಾಣಿ ತಪ್ಪಿಸದವರಿಗೆ ಇದು ಸಣ್ಣ ಮಾತಲ್ಲ.

ಸ್ಕ್ರೀನ್ ಬೇಕೇ ಬೇಕು ಅನ್ನುವವರು ಒಳ್ಳೆ ಕಂಪನಿಯ, ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇರುವ ಡಬಲ್ ಡಿನ್ ನೋಡಿ. ಅದರಲ್ಲಿ ಮ್ಯಾಪು, ಹಾಡು ಓಡಿಸುವ ಕೆಲಸ ನಿಮ್ಮ ಫೋನಿನದು, ಪರದೆ ಬರೀ ತೋರಿಸುತ್ತದೆ. ಫೋನ್ ಬದಲಿಸಿದಾಗ ಅದೂ ಹೊಸದಾದ ಹಾಗೆ. ಬೆಲೆ ಹದಿನೈದು ಸಾವಿರದ ಮೇಲೆ. ಹಿಂದಿನ ಕ್ಯಾಮೆರಾ ಮಾತ್ರ ಒಪ್ಪತಕ್ಕ ಮಾತು. ಹೊಸದಾಗಿ ಓಡಿಸುವವರು, ಕುತ್ತಿಗೆ ನೋವಿರುವವರು ಮನೆಯಲ್ಲಿದ್ದರೆ ಅದೊಂದಕ್ಕಾಗಿ ಸ್ಕ್ರೀನ್ ಹಾಕಿಸಿದರೂ ತಪ್ಪಿಲ್ಲ.

ಮುಂದಿನ ಸ್ಪೀಕರ್ ಮತ್ತು ಬಾಗಿಲು

ಸ್ಕ್ರೀನ್ ತೆಗೆಸಿ ಸಾದಾ ಟೇಪು ಹಾಕಿಸಲು ಬೇರೆ ಅಂಗಡಿಗೆ ಹೋದೆ. ಅಲ್ಲಿದ್ದ ಉಸ್ತಾದ್ ವಯಸ್ಸಾದವರು. ಟೇಪು ಮುಟ್ಟಲೇ ಇಲ್ಲ. ಹಾಡು ಹಾಕಿ, ಬಾಗಿಲಿನ ಮೇಲೆ ಅಂಗೈ ಇಟ್ಟು, ‘ಟೇಪಿಂದೇನೂ ತಪ್ಪಿಲ್ರಿ ಸರ್. ಬಾಗಲಾ ಕುಣಿಲಾಕತ್ತದ’ ಅಂದರು.

ಬಾಗಿಲಿನ ಪ್ಯಾಡ್ ಬಿಚ್ಚಿದರು. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ನೇತಾಡುತ್ತಿತ್ತು. ತಳದಲ್ಲಿ ಬೆರಳು ದಪ್ಪ ಧೂಳು. ಸ್ಪೀಕರ್‌ನ ಕೋನ್ ಕಾಗದದ್ದು, ಅಂಚಿನ ಫೋಮ್ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಹೊರಗಿನ ತಗಡನ್ನು ಬೆರಳ ಗೆಣ್ಣಿನಿಂದ ಬಡಿದರು. ಖಾಲಿ ಎಣ್ಣೆ ಡಬ್ಬಿಯ ಸದ್ದು, ಡಣ್. ಅದಕ್ಕೆ ಬ್ಯುಟೈಲ್ ರಬ್ಬರ್ ಶೀಟು ಅಂಟಿಸಿ, ಸಣ್ಣ ಲಟ್ಟಣಿಗೆಯಂಥ ರೋಲರ್‌ನಿಂದ ತೀಡಿದರು. ಮತ್ತೆ ಬಡಿದರೆ ತೊಗರಿ ಚೀಲ ಬಡಿದ ಹಾಗೆ, ಡಬ್. ಅಷ್ಟೇ. ಬಾಗಿಲು ಹಾಕುವ ಸದ್ದೇ ಬೇರೆ ಆಯಿತು. ಮನೆಯವಳು ‘ಗಾಡಿ ಬದಲಿಸಿದ್ರೇನು?’ ಅಂತ ಕೇಳಿದಳು.

ಇದರ ಗುಟ್ಟು ಏನೂ ಇಲ್ಲ. ಬಾಗಿಲೇ ಸ್ಪೀಕರ್‌ನ ಪೆಟ್ಟಿಗೆ. ಪೆಟ್ಟಿಗೆ ಸಡಿಲವಾಗಿದ್ದರೆ, ತೂತು ಬಿದ್ದಿದ್ದರೆ, ಕೋನ್ ಹಿಂದಿನ ಗಾಳಿ ಮುಂದೆ ಬಂದು ಬೇಸನ್ನು ತಿಂದುಹಾಕುತ್ತದೆ. ಎಷ್ಟೋ ಜನ ಬೂಫರ್ ಬೇಕು ಅಂದುಕೊಳ್ಳುವುದು ಈ ಕೊರತೆಗೆ. ಎರಡು ಮುಂದಿನ ಬಾಗಿಲಿಗೆ ಶೀಟು, ಕೂಲಿ ಸೇರಿ ಮೂರು ಸಾವಿರದ ಆಸುಪಾಸು. ಒಂದು ಎಚ್ಚರಿಕೆ: ಟಾರಿನ ಅಗ್ಗದ ಶೀಟು ಹಾಕಿಸಬೇಡಿ. ನಮ್ಮ ಬೇಸಿಗೆಗೆ ಅದು ಕರಗಿ ಜಾರುತ್ತದೆ, ಗಾಡಿಯೆಲ್ಲ ರಸ್ತೆ ಹಾಕುವ ವಾಸನೆ. ಅಲ್ಯುಮಿನಿಯಂ ಹೊದಿಕೆಯ ಬ್ಯುಟೈಲ್ ಅಂತಲೇ ಕೇಳಿ. ಬಾಗಿಲ ತಳದಲ್ಲಿ ನೀರು ಹೋಗುವ ತೂತು ಮುಚ್ಚದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು.

ಸ್ಪೀಕರ್‌ನಲ್ಲಿ ಎರಡು ಬಗೆ. ಕೊಯಾಕ್ಸಿಯಲ್ ಅಂದರೆ ದೊಡ್ಡ ಕೋನ್ ನಡುವೆಯೇ ತೆಳು ದನಿಗೆ ಇರುವ ಸಣ್ಣ ಟ್ವೀಟರ್ ಕೂತಿರುತ್ತದೆ. ಕಾಂಪೊನೆಂಟ್‌ನಲ್ಲಿ ಟ್ವೀಟರ್ ಬೇರೆ, ಅದನ್ನು ಮೇಲೆ ಕನ್ನಡಿಯ ಹತ್ತಿರ ಕೂಡಿಸುತ್ತಾರೆ. ಆಗ ಹಾಡು ಮೊಣಕಾಲಿನಿಂದ ಬರದೆ ಎದುರಿನ ಗಾಜಿನಿಂದ ಬಂದ ಹಾಗೆ ಇರುತ್ತದೆ. ಕೇಳಿದವರಿಗೆ ಗೊತ್ತು ಆ ಸುಖ. ಆದರೆ ಆಂಪ್ಲಿಫೈಯರ್ ಇಲ್ಲದೆ, ಟೇಪಿನ ಆ 18 ವ್ಯಾಟ್ ಮೇಲೆ ಓಡಿಸುವುದಾದರೆ ಒಳ್ಳೆಯ ಕೊಯಾಕ್ಸಿಯಲ್ ಸ್ಪೀಕರೇ ಸಾಕು. ಎರಡರ ಒಂದು ಜೊತೆಗೆ ಎರಡರಿಂದ ನಾಲ್ಕು ಸಾವಿರ. ಕಾಂಪೊನೆಂಟ್ ಐದಾರು ಸಾವಿರದಿಂದ ಮೇಲೆ.

ಕೊಳ್ಳುವಾಗ ವ್ಯಾಟ್ ನೋಡಬೇಡಿ, ಸೆನ್ಸಿಟಿವಿಟಿ ನೋಡಿ, ಅಂದರೆ ಕೊಟ್ಟಷ್ಟು ವ್ಯಾಟಿಗೆ ಎಷ್ಟು ಸದ್ದು ಮಾಡುತ್ತದೆ ಅನ್ನುವ ಲೆಕ್ಕ. ಡಬ್ಬದ ಮೇಲೆ 88 ಡಿಬಿ, 91 ಡಿಬಿ ಅಂತ ಇರುತ್ತದೆ. ಮೂರು ಡಿಬಿ ಜಾಸ್ತಿ ಇದ್ದರೆ ಅದೇ ಸದ್ದಿಗೆ ಅರ್ಧ ವ್ಯಾಟ್ ಸಾಕು. ಅಂದರೆ ಸಣ್ಣ ಟೇಪಿಗೆ 91ರದ್ದು ಪುಕ್ಕಟೆ ಆಂಪ್ಲಿಫೈಯರ್ ಇದ್ದ ಹಾಗೆ. ಕೋನ್ ಪಾಲಿಪ್ರೊಪಿಲೀನ್, ಅಂಚು ರಬ್ಬರ್ ಇರಲಿ. ನಮ್ಮ ಬಿಸಿಲಿಗೆ ಅದೇ ಬಾಳಿಕೆ. ಅಳತೆ ಗಾಡಿಯಿಂದ ಗಾಡಿಗೆ ಬೇರೆ. ನಾಲ್ಕು ಇಂಚು, ಐದೂಕಾಲು, ಆರೂವರೆ ಇವು ಸಾಮಾನ್ಯ. ಬಿಚ್ಚಿ ಅಳೆದೇ ತನ್ನಿ. ದೊಡ್ಡದು ಹಾಕಲು ತಗಡು ಕತ್ತರಿಸುತ್ತೇನೆ ಅಂದರೆ ಬೇಡ ಅನ್ನಿ.

ಹಿಂದಿನ ಟ್ರೇ ಮೇಲಿನ ಮೊಟ್ಟೆ ಆಕಾರದ 6x9 ಇಂಚಿನ ಸ್ಪೀಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಾಲದಲ್ಲಿ ಅದಿಲ್ಲದ ಗಾಡಿ ಗಾಡಿಯೇ ಅಲ್ಲ ಅನ್ನುವಂತಿತ್ತು. ಹಾಡುಗಾರರು ಬೆನ್ನ ಹಿಂದೆ ಕೂತು ಹಾಡಿದರೆ ಏನು ಚೆಂದ? ಮೇಲಾಗಿ ಗಕ್ಕನೆ ಬ್ರೇಕ್ ಹಾಕಿದರೆ ಸಡಿಲ ಟ್ರೇ ಸಮೇತ ಹಿಂದೆ ಕೂತವರ ತಲೆಗೆ ಬರುತ್ತದೆ.

ಆಂಪ್ಲಿಫೈಯರ್, ಬೂಫರ್

ಹೈದರಾಬಾದ್ ಕಡೆಗೋ ಸೊಲ್ಲಾಪುರ ಕಡೆಗೋ ಹೈವೇಯಲ್ಲಿ ಹೋಗುವವರಿಗೆ ಆಂಪ್ಲಿಫೈಯರ್‌ನ ಬೆಲೆ ತಿಳಿಯುತ್ತದೆ. ಟೈರ್ ಸದ್ದು, ಎಸಿ ಗಾಳಿ, ಹಳೆ ಇಂಜಿನ್ ಎಲ್ಲ ಮೀರಿ ಹಾಡು ಕೇಳಬೇಕು ಅಂತ ಟೇಪು ಏರಿಸಿದರೆ ಅದು ಚೀರಲು ಶುರು ಮಾಡುತ್ತದೆ. ಒಂದಕ್ಕೆ 50 ವ್ಯಾಟ್ ಆರ್‌ಎಂಎಸ್ ಕೊಡುವ ನಾಲ್ಕು ಚಾನೆಲ್ಲಿನದು, ಅಂದರೆ ನಾಲ್ಕು ಸ್ಪೀಕರ್ ಓಡಿಸುವಂಥದ್ದು, ಎಂಟರಿಂದ ಹದಿನೈದು ಸಾವಿರ. ಸದ್ದು ಜಾಸ್ತಿ ಮಾಡುವುದಕ್ಕಿಂತ ಏರಿಸಿದಾಗ ದನಿ ಕೆಡದಂತೆ ಕಾಯುವುದೇ ಅದರ ಕೆಲಸ. ಊರೊಳಗೆ ಜಗತ್‌ನಿಂದ ರಾಮಮಂದಿರ ಸರ್ಕಲ್‌ವರೆಗೆ ಓಡಿಸುವವರಿಗೆ ಬೇಕಾಗಿಲ್ಲ.

ಇಲ್ಲಿ ಕೂಲಿಯಲ್ಲಿ ಜಿಪುಣತನ ಮಾಡಬಾರದು. ದಪ್ಪ ವೈರ್ ನೇರ ಬ್ಯಾಟರಿಯಿಂದ ಬರಬೇಕು, ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಫ್ಯೂಸ್ ಇರಬೇಕು. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ನಿಮ್ಮ ಗಾಡಿಗೆ ಬೆಂಕಿ ಬೀಳದಂತೆ. ವೈರ್ ಪೂರ್ತಿ ತಾಮ್ರದ್ದಿರಲಿ. ತಾಮ್ರದ ಬಣ್ಣದ ಅಲ್ಯುಮಿನಿಯಂ ಕೂಡ ಮಾರುಕಟ್ಟೆಯಲ್ಲಿದೆ, ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಕರೆಂಟಿನ ವೈರ್ ಒಂದು ಪಕ್ಕ, ಹಾಡಿನ ಆರ್‌ಸಿಎ ಕೇಬಲ್ ಇನ್ನೊಂದು ಪಕ್ಕ ಬರಲಿ. ಒಟ್ಟಿಗೆ ಎಳೆದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಅಂತ ಇಂಜಿನ್ ಹಾಡುವ ಸಾಧ್ಯತೆ ಜಾಸ್ತಿ.

ಬೂಫರ್‌ನಲ್ಲಿ ಮೂರು ದಾರಿ. ಡಿಕ್ಕಿಯ ದೊಡ್ಡ ಪೆಟ್ಟಿಗೆ, ಬೇಸ್ ಟ್ಯೂಬ್, ಸೀಟಿನ ಕೆಳಗೆ ಕೂರುವ ಚಪ್ಪಟೆ ಬೂಫರ್. ಪೆಟ್ಟಿಗೆಯ ಏಟು ಭರ್ಜರಿ, ಆದರೆ ಡಿಕ್ಕಿ ಹೋಯಿತು, ಬೇರೆ ಆಂಪ್ಲಿಫೈಯರ್ ಬೇಕು, ಸಣ್ಣ ಪೆಟ್ರೋಲ್ ಗಾಡಿಯ 35 ಎಎಚ್ ಬ್ಯಾಟರಿಗೆ ಭಾರ. ಟ್ಯೂಬ್ ನಾಲ್ಕೈದು ಸಾವಿರಕ್ಕೆ ಸಿಗುತ್ತದೆ, ಗುಮ್ ಗುಮ್ ಅನ್ನುತ್ತದೆ, ತಬಲಾಕ್ಕೂ ಡೋಲಿಗೂ ಒಂದೇ ಗುಮ್. ಸೀಟಿನ ಕೆಳಗಿನದಕ್ಕೆ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಎಂಟರಿಂದ ಹದಿನೈದು ಸಾವಿರ. ಗಾಜು ನಡುಗಿಸುವುದಿಲ್ಲ, ಆದರೆ ಹಾಡಿಗೆ ಬುಡ ಕೊಡುತ್ತದೆ. ಸಂಸಾರದ ಗಾಡಿಗೆ ನನ್ನ ಮತ ಇದಕ್ಕೇ. ಸೀಟಿನ ಕೆಳಗೆ ಎಷ್ಟು ಎತ್ತರ ಜಾಗ ಇದೆ ಅಂತ ಅಳೆದು ಹೋಗಿ. ರಾತ್ರಿ ಹತ್ತರ ಮೇಲೆ ಓಣಿಯೊಳಗೆ ತಗ್ಗಿಸಿ ಅಂತ ಹುಡುಗನಿಗೂ ಹೇಳಿದ್ದೇನೆ, ಕೇಳಿದರೆ ಸರಿ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಫುಲ್ ಪಾಲಿಸಿ ಇರುವವರು ಹೊರಗೆ ಹಾಕಿಸಿದ ಸಿಸ್ಟಂ ಅನ್ನು ಪಾಲಿಸಿಯಲ್ಲಿ ಬರೆಸಬೇಕು. ಇಲ್ಲದಿದ್ದರೆ ಕಳುವಾದಾಗ ಅದಕ್ಕೆ ದುಡ್ಡು ಬರುವುದಿಲ್ಲ. ಅಂಗಡಿ ಬಿಲ್ ಇಟ್ಟುಕೊಳ್ಳಿ.

ಮೂವರಿಗೆ ಹೇಳಿದ್ದು

ಕಾಕಾ ಇನ್ನೊಂದೆರಡು ವರ್ಷದಲ್ಲಿ ಗಾಡಿ ಕೊಡುವವರು. ‘ನನಗ ಅದೆಲ್ಲ ಬ್ಯಾಡ ತಮ್ಮಾ, ವಚನಾ ಕೇಳಿದ್ರ ಸಾಕು’ ಅಂದರು. ಅವರ ಟೇಪಿನಲ್ಲಿ ಆಕ್ಸ್ ಇತ್ತು. ಒಂದು ಕೇಬಲ್ ಮತ್ತು ಮುಂದೆ ಎರಡು ಕೊಯಾಕ್ಸಿಯಲ್, ಎರಡೂವರೆ ಸಾವಿರದಲ್ಲಿ ಮುಗಿಯಿತು.

ಮೇಷ್ಟ್ರದ್ದು ಬೇರೆ ಲೆಕ್ಕ. ಹೋಗಿಬಂದು ದಿನಕ್ಕೆ ನೂರು ಕಿಲೋಮೀಟರ್ ದಾಟುತ್ತದೆ, ಸಿಮೆಂಟ್ ಲಾರಿಗಳ ಸದ್ದು, ಧೂಳು, ಗಾಜು ಏರಿಸಿಯೇ ಇರಬೇಕು. ಅವರಿಗೆ ಬ್ಲೂಟೂತ್ ಟೇಪು, 91 ಡಿಬಿಯ ಕೊಯಾಕ್ಸಿಯಲ್, ನಾಲ್ಕೂ ಬಾಗಿಲಿಗೆ ಶೀಟು ಅಂದೆ. ಹದಿಮೂರು ಹದಿನಾಲ್ಕು ಸಾವಿರ. ಶೀಟಿನಿಂದ ಲಾರಿ ಸದ್ದೂ ಸ್ವಲ್ಪ ತಗ್ಗುತ್ತದೆ.

ಹುಡುಗನಿಗೆ ಒಂದೇ ಸಲಕ್ಕೆ ಎಲ್ಲ ಬೇಕು, ಕೈಯಲ್ಲಿರುವುದು ಹತ್ತು ಸಾವಿರ. ಈ ವರ್ಷ ಕಾಂಪೊನೆಂಟ್ ಮತ್ತು ಬಾಗಿಲು. ಮುಂದೆ ದುಡ್ಡು ಬಂದಾಗ ಆಂಪ್ಲಿಫೈಯರ್. ಬೂಫರ್ ಕೊನೆಗೆ. ಅದರ ಹೊತ್ತಿಗೆ ಬೂಫರ್ ಬೇಕೇ ಅಂತ ಅವನಿಗೇ ಅನುಮಾನ ಬಂದರೂ ಬರಬಹುದು.

ಕೊನೆಯದಾಗಿ, ದುಡ್ಡು ಕೊಡುವ ಮುಂಚೆ. ನಿಮಗೆ ಬಾಯಿಪಾಠ ಇರುವ ಒಂದು ಹಾಡು ಹಾಕಿ, ಅಂಗಡಿಯವರ ಹಾಡು ಬೇಡ. ಇಂಜಿನ್ ಸ್ಟಾರ್ಟ್ ಮಾಡಿ, ಎಸಿ, ಹೆಡ್‌ಲೈಟ್ ಹಾಕಿ, ಆಕ್ಸಿಲರೇಟರ್ ಒತ್ತಿ ಕುಂಯ್ ಬರುತ್ತದಾ ಕೇಳಿ. ನಾಲ್ಕೂ ಗಾಜು ಇಳಿಸಿ ಏರಿಸಿ ನೋಡಿ, ಸ್ಪೀಕರ್‌ಗೆ ತಾಗುವುದುಂಟು. ಕೀ ತೆಗೆದ ಮೇಲೆ ಟೇಪು ಪೂರ್ತಿ ಆರಬೇಕು. ಬಿಚ್ಚಿದ ಹಳೆ ಟೇಪು, ಸ್ಪೀಕರ್, ಫ್ರೇಮ್, ಸ್ಕ್ರೂ ಎಲ್ಲ ಚೀಲಕ್ಕೆ ಹಾಕಿಸಿಕೊಂಡು ಬನ್ನಿ. ಗಾಡಿ ಮಾರುವ ದಿನ ಹೊಸದನ್ನು ಇಳಿಸಿ ಅದನ್ನೇ ಕೂಡಿಸಿ ಕೊಡಬಹುದು. ನನ್ನವು ಅಟ್ಟದ ಮೇಲೆ ಜೋಳದ ಡಬ್ಬಿಯ ಪಕ್ಕ ಇವೆ. ಆ ಒಂಬತ್ತು ಇಂಚಿನ ಸ್ಕ್ರೀನ್ ಕೂಡ.